ಕಳಿಸಬೇಡಿ, ಕಳಿಸಿಬಿಡಿ

ಮ್ಯಾನೇಜರ್ ಹೇಳಿದ್ದು ‘ಕಳಿಸಬೇಡಿ’. ನನಗೆ ಕೇಳಿಸಿದ್ದು ‘ಕಳಿಸಿಬಿಡಿ’. ಅವರು ನನ್ನ ಬಲಗಡೆ ನಿಂತಿದ್ದರು, ಪಕ್ಕದಲ್ಲಿ ಪ್ರಿಂಟರ್ ಗರಗರ ಎನ್ನುತ್ತಿತ್ತು, ನಾನು ಎಂದಿನಂತೆ ತಲೆಯಾಡಿಸಿ ‘ಆಯಿತು ಸರ್’ ಎಂದೆ. ಹತ್ತು ನಿಮಿಷದೊಳಗೆ, ಇನ್ನೂ ತೀರ್ಮಾನವಾಗದ ದರಪಟ್ಟಿ ಗ್ರಾಹಕರ ಕೈ ಸೇರಿತ್ತು. ಕಂಪನಿಗೆ ದೊಡ್ಡ ನಷ್ಟವೇನೂ ಆಗಲಿಲ್ಲ. ಆದರೆ ಎರಡು ದಿನ ಕಳೆದ ಮೇಲೆ ನನ್ನ ಮೇಜಿನ ಮೇಲೆ ಒಂದು ಮೆಮೊ ಇತ್ತು. ಸೂಚನೆಯನ್ನು ಉದ್ದೇಶಪೂರ್ವಕವಾಗಿ ಉಲ್ಲಂಘಿಸಿದ್ದಕ್ಕೆ ಮೂರು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು ಎಂದು ಅದರಲ್ಲಿ ಬರೆದಿತ್ತು.

ಆ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ನನ್ನದು ಹನ್ನೊಂದು ವರ್ಷದ ಕೆಲಸ. ಅಷ್ಟೂ ವರ್ಷ ಯಾರಿಗೂ ಹೇಳದೆ ಉಳಿಸಿಕೊಂಡಿದ್ದ ಒಂದು ಸಂಗತಿಯನ್ನು ಆ ‘ಉದ್ದೇಶಪೂರ್ವಕವಾಗಿ’ ಎಂಬ ಒಂದು ಪದ ಹೊರಗೆಳೆಯಿತು. ಆರನೇ ವಯಸ್ಸಿನಲ್ಲಿ ಮಂಗನಬಾವು ಬಂದು ನನ್ನ ಬಲಕಿವಿ ಹೋಯಿತು. ಮಂಗನಬಾವು ಹಾಗೆ ಒಂದೇ ಕಿವಿಯನ್ನು ತೆಗೆದುಕೊಂಡು ಹೋಗುವುದು ವೈದ್ಯರಿಗೆ ಹೊಸದಲ್ಲ. ಒಂದು ಕಿವಿಯಲ್ಲಿ ಬದುಕುವ ವಿದ್ಯೆ ಚೆನ್ನಾಗಿಯೇ ಕೈಗೆ ಹತ್ತಿತ್ತು. ಸಭೆಯಲ್ಲಿ ಎಲ್ಲರೂ ಎಡಕ್ಕೆ ಸಿಗುವಂತೆ ಮೇಜಿನ ಬಲತುದಿಯಲ್ಲಿ ಕೂರುವುದು, ನಡೆಯುವಾಗ ಜೊತೆಯವರ ಬಲಕ್ಕೆ ಸರಿದುಕೊಳ್ಳುವುದು, ಉಳಿದವರು ನಕ್ಕಾಗ ನಗುವುದು, ಏನೂ ತಿಳಿಯದಿದ್ದರೆ ‘ಹೂಂ’ ಎನ್ನುವುದು. ಮೂವತ್ತೆಂಟು ದಾಟಿದ ಮೇಲೆ ಎಡಕಿವಿಯೂ ಮಂದವಾಗತೊಡಗಿತು. ಆಗಲೂ ‘ಹೂಂ’ ಒಂದರಲ್ಲೇ ಕಾಲ ತಳ್ಳಿದೆ.

ಮೆಮೊ ಬಂದ ದಿನದಿಂದ ಕೊನೆಯ ಕಾಗದ ಕೈ ಸೇರುವವರೆಗೆ ಏಳೂವರೆ ತಿಂಗಳಾಯಿತು. ಖಾಸಗಿ ಕಂಪನಿಯಲ್ಲಿದ್ದುಕೊಂಡು ‘ನನಗೆ ಹೀಗೊಂದು ತೊಂದರೆ ಇದೆ, ಇಷ್ಟು ಬದಲಾವಣೆ ಬೇಕು’ ಎಂದು ಕೇಳಲು ಹೊರಟವರಿಗೆ ದಾರಿ ಸ್ವಲ್ಪ ಸುಲಭವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು: ನನ್ನ ಹಾಗೆ ಮೆಮೊ ಬರುವವರೆಗೆ ಕಾಯಬೇಡಿ. ತಪ್ಪಾದ ಮೇಲೆ ಹೇಳಿದರೆ ಯಾರಿಗೇ ಆದರೂ ಅದು ನೆಪದಂತೆಯೇ ಕೇಳಿಸುತ್ತದೆ.

ಮೂರನೇ ದಿನ ಎಚ್‌ಆರ್ ವಿಭಾಗಕ್ಕೆ ಹೋಗಿ ಕಿವಿಯ ವಿಷಯ ಹೇಳಿದೆ. ಹೇಳುವಾಗ ಗಂಟಲು ಕಟ್ಟಿತು. ಎದುರಿಗಿದ್ದಾಕೆ ಒಳ್ಳೆಯವರು. ನೀರು ಕೊಟ್ಟರು, ಕೈ ಹಿಡಿದುಕೊಂಡರು. ಆಮೇಲೆ, ‘ಮೊದಲೇ ಹೇಳಿದ್ದರೆ ನಿಮಗೆ ಯಾವುದಾದರೂ ಹಗುರದ ಕೆಲಸ ಕೊಡುತ್ತಿದ್ದೆವಲ್ಲ ಮೇಡಂ’ ಎಂದರು. ಲೆಕ್ಕ ನೋಡುವುದಕ್ಕೆ ಕಿವಿ ಬೇಡ. ನನಗೆ ಭಾರವಾಗಿದ್ದದ್ದು ಕೆಲಸವೂ ಅಲ್ಲ. ಅದನ್ನು ಆಗ ಹೇಳಲು ತೋಚಲಿಲ್ಲ. ‘ಸರ್ಟಿಫಿಕೇಟ್ ಇದೆಯೇ?’ ಎಂದು ಕೇಳಿದರು. ಇರಲಿಲ್ಲ. ‘ತಂದುಕೊಡಿ, ನೋಡೋಣ’ ಎಂದರು. ಅವರ ಹಿಂದಿನ ಗೋಡೆಯ ಮೇಲೆ ಬೇರೆ ಬೇರೆ ಬಣ್ಣದ ಕೈಗಳು ಒಂದರ ಮೇಲೊಂದು ಇರುವ ಚಿತ್ರ, ಕೆಳಗೆ ‘ವೈವಿಧ್ಯವೇ ನಮ್ಮ ಶಕ್ತಿ’ ಎಂಬ ಸಾಲು. ಆ ಪೋಸ್ಟರಿನ ಮಾತು ಮುಂದೆ ಬರುತ್ತದೆ.

ಅಂದು ಸಂಜೆಯ ಹೊತ್ತಿಗೆ ಸುದ್ದಿ ಮಹಡಿಯೆಲ್ಲ ಹರಡಿತ್ತು. ಮರುದಿನದಿಂದ ಎಲ್ಲರೂ ನನ್ನೊಂದಿಗೆ ಕೂಗಿ ಮಾತಾಡತೊಡಗಿದರು. ಕೂಗಿದರೆ ಬಾಯಿಯ ಆಕಾರ ಕೆಡುತ್ತದೆ, ತುಟಿ ನೋಡಿ ಹಿಡಿಯುತ್ತಿದ್ದದ್ದೂ ಕೈ ತಪ್ಪುತ್ತದೆ. ತುಟಿ ಓದುವುದೆಂದರೆ ಮೊದಲೇ ಅರ್ಧಕ್ಕರ್ಧ ಊಹೆ. ‘ಪರ’, ‘ಬರ’, ‘ಮರ’ ಮೂರಕ್ಕೂ ತುಟಿ ಒಂದೇ. ನನ್ನ ಯಾವ ವಿಷಯ ಯಾರಿಗೆ ಹೇಳಬಹುದು, ಯಾರಿಗೆ ಬೇಡ ಎಂದು ಎಚ್‌ಆರ್‌ಗೆ ಹೋದ ದಿನವೇ ಸ್ಪಷ್ಟವಾಗಿ ಹೇಳಿ ಮೇಲ್‌ನಲ್ಲೂ ಬರೆಯಬೇಕಿತ್ತು. ಬರೆಯಲಿಲ್ಲ. ನೀವು ಬರೆಯಿರಿ.

ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಈಗ ಅರ್ಜಿ ಹಾಕಬೇಕಾದದ್ದು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಅದರಲ್ಲಿ ಪ್ರಮಾಣಪತ್ರದ ಜೊತೆಗೆ ಯುಡಿಐಡಿ ಎಂಬ ಗುರುತಿನ ಚೀಟಿಯೂ ಬರುತ್ತದೆ. ಅರ್ಜಿಗೆ ಶುಲ್ಕವಿಲ್ಲ. ಆಧಾರ್, ವಿಳಾಸದ ದಾಖಲೆ, ಭಾವಚಿತ್ರ, ಸಹಿಯ ಚಿತ್ರ ಇಷ್ಟೇ ಕೇಳುತ್ತದೆ. ಭಾವಚಿತ್ರ ಮತ್ತು ಸಹಿ ತೀರ ಸಣ್ಣ ಗಾತ್ರದಲ್ಲಿರಬೇಕು. ಮೊಬೈಲ್‌ನಲ್ಲಿ ತೆಗೆದದ್ದನ್ನು ಹಾಗೆಯೇ ಹಾಕಿದರೆ ತಿರಸ್ಕಾರವಾಗುತ್ತದೆ, ಕುಗ್ಗಿಸಿಯೇ ಹಾಕಬೇಕು. ನನ್ನ ಎಡವಟ್ಟು ಬೇರೆಯದಾಗಿತ್ತು. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿಯಾಗಿ ನನ್ನ ಹೆಸರಿನ ಹಿಂದೆ ಇದೆ, ಕಚೇರಿಯ ದಾಖಲೆಯಲ್ಲಿ ಅದು ಬರೀ ಇನಿಷಿಯಲ್ ಆಗಿ ಮುಂದೆ ಕೂತಿದೆ. ಪೋರ್ಟಲ್ ಆಧಾರ್‌ನಲ್ಲಿ ಇದ್ದದ್ದನ್ನು ಒಪ್ಪಿತು, ಆಮೇಲೆ ಕಚೇರಿ ಅದನ್ನು ಒಪ್ಪಲಿಲ್ಲ. ‘ಈ ಇಬ್ಬರೂ ಒಬ್ಬರೇ’ ಎಂದು ನೋಟರಿಯಿಂದ ಅಫಿಡವಿಟ್ ಮಾಡಿಸಿ ತರಬೇಕಾಯಿತು, ಅದಕ್ಕೆ ₹300. ಇನಿಷಿಯಲ್ ಹೊತ್ತುಕೊಂಡು ಹುಟ್ಟಿದ ನಮ್ಮಂಥವರೆಲ್ಲ ಇದನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಹಳ್ಳಿಯಲ್ಲಿದ್ದವರಿಗೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯೂ ಎಂಬ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅರ್ಜಿ ಹಾಕುವ ಕೆಲಸದಲ್ಲಿ ಅವರಿಗೆ ಪಳಗಿದ ಕೈ. ನನಗೆ ಅದು ತಿಳಿದದ್ದು ಎಲ್ಲ ಮುಗಿದ ಮೇಲೆ.

ಅರ್ಜಿ ಹಾಕಿದ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ‘ಮದುವೆಗೆ ಮುಂಚೆ ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಂಡದ್ದನ್ನು ಈಗ ಸರ್ಕಾರದ ಮುದ್ರೆ ಹಾಕಿಸಿಕೊಂಡು ಬರುತ್ತೀಯಾ?’ ಎಂದು ಅತ್ತಳು. ನನ್ನ ಗಂಡನಿಗೆ ಮದುವೆಯಾದ ನಾಲ್ಕನೇ ದಿನವೇ ಗೊತ್ತಾಗಿತ್ತು ಎನ್ನುವುದನ್ನು ಅವಳಿಗೆ ಇಂದಿಗೂ ಹೇಳಿಲ್ಲ. ಹೆಸರಿನದ್ದೇ ಒಂದು ಜಂಜಾಟ ನೋಡಿ. ಹಿಂದೆ ಅಂಗವಿಕಲರು ಎನ್ನುತ್ತಿದ್ದರು, ಸರ್ಕಾರಿ ಕಾಗದಗಳಲ್ಲಿ ವಿಕಲಚೇತನರು ಎಂದಾಯಿತು, ಭಾಷಣಗಳಲ್ಲಿ ವಿಶೇಷಚೇತನರು, ದಿವ್ಯಾಂಗರು. ಅಮ್ಮನ ಬಾಯಲ್ಲಿ ಮಾತ್ರ ಅದು ಹೇಳಲಾರದೆ ನುಂಗಿಕೊಂಡ ಒಂದೇ ಪದ. ನನಗೆ ಯಾವ ಹೆಸರೂ ಬೇಡ, ‘ಬಲಗಡೆ ಕಿವಿ ಕೇಳುವುದಿಲ್ಲ’ ಎಂದರೆ ಸಾಕು. ಆದರೆ ಅಷ್ಟು ಸರಳವಾಗಿ ಹೇಳಲು ಆಗ ನನಗೂ ಬಾಯಿ ಬರುತ್ತಿರಲಿಲ್ಲ.

ಆಸ್ಪತ್ರೆಯ ದಿನಾಂಕ ಸಿಕ್ಕಿದ್ದು ಇಪ್ಪತ್ತಮೂರು ದಿನಗಳ ನಂತರ. ಪ್ರಮಾಣಪತ್ರದವರಿಗೆ ವಾರಕ್ಕೊಂದೇ ದಿನ. ಬೆಳಿಗ್ಗೆ ಎಂಟೂವರೆಗೆ ಹೋದಾಗ ಕಿವಿ ಮೂಗು ಗಂಟಲು ವಿಭಾಗದ ಮುಂದಿನ ಓಣಿಯಂಥ ಜಾಗದಲ್ಲಿ ಆಗಲೇ ನಲವತ್ತು ಜನ. ನನ್ನ ಟೋಕನ್ 17. ಬಾಗಿಲು ಅರ್ಧ ತೆರೆಯುತ್ತದೆ, ಮಾಸ್ಕ್ ಹಾಕಿಕೊಂಡ ಸಿಬ್ಬಂದಿಯೊಬ್ಬರು ಕಡತದ ಕಡೆಗೇ ಕಣ್ಣಿಟ್ಟು ಒಂದು ಹೆಸರು ಕರೆಯುತ್ತಾರೆ, ಬಾಗಿಲು ಮುಚ್ಚುತ್ತದೆ. ಮೇಲೆ ಫ್ಯಾನಿನ ಸದ್ದು, ಆಚೆ ಮಕ್ಕಳ ಅಳು. ಕಿವಿ ಕೇಳದವರನ್ನು ಸಾಲಾಗಿ ಕೂರಿಸಿ ಹೆಸರು ಕೂಗಿ ಕರೆಯುವ ಏರ್ಪಾಡು ಅದು. ಒಂದು ಗಂಟೆಗೆ ನಾನೇ ಎದ್ದು ಹೋಗಿ ಕೇಳಿದೆ. ‘ಆಗಲೇ ಎರಡು ಸಲ ಕರೆದೆನಲ್ಲ, ಎಲ್ಲಿ ಹೋಗಿದ್ದಿರಿ? ಇನ್ನು ಮುಂದಿನ ವಾರ ಬನ್ನಿ’ ಎಂದರು. ಬಾಗಿಲಿನಿಂದ ಆರು ಅಡಿ ದೂರದಲ್ಲಿ ಕೂತಿದ್ದೆ.

ನನ್ನ ಪಕ್ಕದಲ್ಲಿ ಹದಿನೆಂಟರ ಆಸುಪಾಸಿನ ಹುಡುಗಿಯೊಬ್ಬಳು ಅಪ್ಪನೊಂದಿಗೆ ಬಂದಿದ್ದಳು. ಅವಳಿಗೆ ಹುಟ್ಟಿನಿಂದಲೇ ಕೇಳಿಸುವುದಿಲ್ಲ. ಅವಳ ತೊಡೆಯ ಮೇಲೆ ಹಳೆಯ ಕ್ಯಾಲೆಂಡರಿನ ಒಂದು ಹಾಳೆ, ಅದರ ಬೆನ್ನಿಗೆ ಮಾರ್ಕರ್‌ನಿಂದ ಅಂಗೈಯಗಲದ ಅಕ್ಷರಗಳಲ್ಲಿ ಹೆಸರು, ಕೆಳಗೆ ಟೋಕನ್ ನಂಬರ್. ಬಾಗಿಲು ಅಲುಗಾಡಿದಾಗಲೆಲ್ಲ ಹಾಳೆಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯುತ್ತಿದ್ದಳು, ಮುಚ್ಚಿದಾಗ ಇಳಿಸುತ್ತಿದ್ದಳು. ಬೇಸರವಿಲ್ಲ, ಸಂಕೋಚವಿಲ್ಲ, ಬಸ್ಸಿಗೆ ಕೈ ಅಡ್ಡ ಹಿಡಿದಷ್ಟು ಸಲೀಸು. ನಾನು ಮೂವತ್ತೈದು ವರ್ಷ ಕಲಿತ ಅಡಗಿಸುವ ವಿದ್ಯೆಯೆಲ್ಲ ಆ ಹಾಳೆಯ ಮುಂದೆ ಪೆದ್ದುತನವಾಗಿ ಕಂಡಿತು. ಮುಂದಿನ ವಾರ ನಾನೂ ಒಂದು ಹಾಳೆ ಹಿಡಿದು ಹೋದೆ. ಎತ್ತಲು ಮೊದಲ ಅರ್ಧ ಗಂಟೆ ಧೈರ್ಯ ಬರಲಿಲ್ಲ, ಆಮೇಲೆ ಎತ್ತಿದೆ. ಹನ್ನೊಂದಕ್ಕೇ ಒಳಗೆ ಕರೆದರು.

ಒಳಗೆ ಮೊದಲು ಆಡಿಯೋಗ್ರಾಮ್. ಸದ್ದು ಒಳಬಾರದ ಸಣ್ಣ ಕೋಣೆ, ತಲೆಗೆ ಹೆಡ್‌ಫೋನ್, ಕೈಗೊಂದು ಗುಂಡಿ. ಕೇಳಿಸಿದಾಗ ಒತ್ತಬೇಕು. ಅಲ್ಲಿ ಕೂತಾಗ ಮನಸ್ಸು ಎರಡು ಕಡೆ ಎಳೆಯುತ್ತದೆ. ಇಷ್ಟು ವರ್ಷ ಕೇಳಿಸದ್ದನ್ನು ಕೇಳಿಸಿತು ಎಂದು ನಟಿಸಿದ ರೂಢಿಗೆ ಬೆರಳು ತಾನಾಗಿ ಒತ್ತಲು ಹೋಗುತ್ತದೆ. ಇನ್ನೊಂದೆಡೆ, ಕಡಿಮೆ ಒತ್ತಿದರೆ ಪ್ರಮಾಣಪತ್ರದಲ್ಲಿ ಅಂಗವೈಕಲ್ಯದ ಶೇಕಡಾವಾರು ಹೆಚ್ಚಾದೀತಲ್ಲ ಎಂಬ ಆಸೆ. ಎರಡನ್ನೂ ಮಾಡಬೇಡಿ. ಉತ್ತರಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಪರೀಕ್ಷೆ ಮಾಡುವವರಿಗೆ ಅದು ತಕ್ಷಣ ತಿಳಿಯುತ್ತದೆ, ಮೇಲಾಗಿ ಬೇರಾ ಎಂಬ ಇನ್ನೊಂದು ಪರೀಕ್ಷೆ ಇದ್ದೇ ಇದೆ. ನನಗೂ ಬೇರಾ ಬರೆದರು. ಯಂತ್ರ ಕೆಟ್ಟಿದ್ದರಿಂದ ಅದಕ್ಕೆ ಇಪ್ಪತ್ತಾರು ದಿನ ಕಾದೆ. ಹಣೆಗೆ, ಕಿವಿಗಳ ಹಿಂದೆ ತಣ್ಣನೆಯ ಅಂಟು ಹಚ್ಚಿ ತಂತಿ ಸಿಕ್ಕಿಸಿ ಮಲಗಿಸುತ್ತಾರೆ. ಕಿವಿಯಲ್ಲಿ ಟಕಟಕ ಎಂಬ ಸದ್ದು ಬಿಡುತ್ತಾರೆ, ಮಿದುಳಿನ ನರಗಳು ಅದಕ್ಕೆ ಓಗೊಡುತ್ತವೆಯೇ ಎಂದು ಯಂತ್ರ ನೋಡಿಕೊಳ್ಳುತ್ತದೆ. ನಾವು ಏನೂ ಒತ್ತಬೇಕಾಗಿಲ್ಲ. ಅಲುಗಾಡದೆ ಮಲಗಿದರೆ ಸಾಕು, ನಿದ್ದೆ ಬಂದರೆ ಇನ್ನೂ ಒಳ್ಳೆಯದು. ಬಲಕಿವಿಯ ಸರದಿ ಬಂದಾಗ ಪೂರ್ತಿ ನಿಶ್ಶಬ್ದ. ಪರೀಕ್ಷೆ ಮುಗಿದಿದೆ ಎಂದುಕೊಂಡು ನಾನು ಎದ್ದು ಕೂತುಬಿಟ್ಟೆ. ಮತ್ತೆ ಮೊದಲಿನಿಂದ ಮಾಡಿದರು.

ಆಡಿಯೋಗ್ರಾಮ್ ಹಾಳೆಯಲ್ಲಿ ಬಲಕಿವಿ ಕೆಂಪು ಸೊನ್ನೆ, ಎಡಕಿವಿ ನೀಲಿ ಕತ್ತರಿ ಗುರುತು. ನನ್ನ ಸೊನ್ನೆಗಳೆಲ್ಲ ಹಾಳೆಯ ತಳದಲ್ಲಿದ್ದವು. ಕತ್ತರಿಗಳು ಎಡದಿಂದ ಬಲಕ್ಕೆ ಇಳಿಜಾರಿನಲ್ಲಿ ಜಾರುತ್ತಿದ್ದವು. ಆಡಿಯಾಲಜಿಸ್ಟ್ ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯವರು. ಮಾಸ್ಕ್ ಇಳಿಸಿ ನನ್ನ ಎದುರಿಗೇ ಕೂತು ವಿವರಿಸಿದರು. ‘ಸ’, ‘ಶ’ದಂಥ ತೆಳು ಸದ್ದುಗಳು ಬಲತುದಿಯ ಹೆಚ್ಚಿನ ಆವರ್ತನದಲ್ಲಿವೆ, ನಿಮಗೆ ಮೊದಲು ಹೋಗುವುದು ಅವೇ, ಸ್ವರಗಳು ಮಾತ್ರ ಉಳಿದುಕೊಳ್ಳುತ್ತವೆ ಎಂದರು. ಊಟಕ್ಕೆ ಬಡಿಸುವಾಗ ಅತಿಥಿಗಳು ‘ಸಾಕು’ ಎಂದದ್ದು ‘ಹಾಕು’ ಎಂದು ಕೇಳಿಸಿ ಎಷ್ಟು ಜನರಿಗೆ ಅನ್ನ ಸುರಿದಿದ್ದೇನೋ ಎಂದೆ. ಇಬ್ಬರೂ ನಕ್ಕೆವು. ‘ಕೇಳಿಸುತ್ತದೆ, ಆದರೆ ಅರ್ಥವಾಗುವುದಿಲ್ಲ’ ಎಂದು ನಾನು ಅಷ್ಟು ದಿನ ಹೇಳುತ್ತಿದ್ದದ್ದು ಬುದ್ಧಿಯ ಮಂಕಲ್ಲ ಎಂದು ಗೊತ್ತಾದ ದಿನ ಅದು. ಆಸ್ಪತ್ರೆಯಿಂದ ಹೊರಬಂದು ಬಸ್ ನಿಲ್ದಾಣದ ಬೆಂಚಿನಲ್ಲಿ ಎರಡು ಬಸ್ ಬಿಟ್ಟು ಕೂತಿದ್ದೆ.

ಎರಡು ವಾರದ ನಂತರ ಪ್ರಮಾಣಪತ್ರ ಪೋರ್ಟಲ್‌ನಲ್ಲಿ ಬಂದಿತು. ಶೇಕಡಾ 37.

ಗೊತ್ತಿಲ್ಲದವರಿಗೆ ಆ ಅಂಕಿಯ ತೂಕ ತಿಳಿಯದು. ಹಕ್ಕು, ಸವಲತ್ತುಗಳ ಹೆಬ್ಬಾಗಿಲು ತೆರೆಯುವುದು ಶೇಕಡಾ 40ಕ್ಕೆ. ಸರ್ಕಾರಿ ನೌಕರಿಯ ಮೀಸಲಾತಿಗೆ 40 ಬೇಕು, ಹಳೆಯ ತೆರಿಗೆ ಪದ್ಧತಿಯಲ್ಲಿ ಸಿಗುವ ₹75,000 ವಿನಾಯಿತಿಗೆ 40 ಬೇಕು, ಶ್ರವಣ ಸಾಧನ ಕೊಡುವ ಕೇಂದ್ರದ ಎಡಿಐಪಿ ಯೋಜನೆಗೂ 40 ಬೇಕು. ಯುಡಿಐಡಿ ಚೀಟಿಯ ಬಣ್ಣವೂ ಹಾಗೆಯೇ: 40ಕ್ಕಿಂತ ಕೆಳಗಿದ್ದರೆ ಬಿಳಿ, ಅಲ್ಲಿಂದ 80ರ ಒಳಗೆ ಹಳದಿ, ಮೇಲಕ್ಕೆ ನೀಲಿ. ಪೂರ್ತಿ ಸತ್ತ ಒಂದು ಕಿವಿ, ಸಾಯುತ್ತಿರುವ ಇನ್ನೊಂದು ಸೇರಿ 37 ಹೇಗೆ ಆಯಿತು? ಆಡಿಯಾಲಜಿಸ್ಟ್ ಚೀಟಿಯ ಬೆನ್ನಿಗೆ ಲೆಕ್ಕ ಬರೆದು ತೋರಿಸಿದ್ದರು. ಚೆನ್ನಾಗಿರುವ ಕಿವಿಯ ನಷ್ಟವನ್ನು ಐದರಿಂದ ಗುಣಿಸಿ, ಅದಕ್ಕೆ ಕೆಟ್ಟ ಕಿವಿಯದನ್ನು ಒಂದು ಸಲ ಕೂಡಿಸಿ, ಆರರಿಂದ ಭಾಗಿಸಬೇಕು. ನನ್ನ ಎಡಕಿವಿ 26, ಬಲಕಿವಿ 92. ನೂರಮೂವತ್ತು, ತೊಂಬತ್ತೆರಡು, ಒಟ್ಟು 222, ಆರರಿಂದ ಭಾಗಿಸಿದರೆ 37. ಲೆಕ್ಕಪತ್ರದವಳು ನಾನು, ಲೆಕ್ಕದಲ್ಲಿ ತಪ್ಪಿಲ್ಲ ಎಂದು ಒಪ್ಪಿಕೊಂಡೆ. ಮನಸ್ಸು ಒಪ್ಪಲಿಲ್ಲ. ಇಷ್ಟೆಲ್ಲ ಬಯಲಾಗಿ, ಅಮ್ಮನನ್ನು ಅಳಿಸಿ, ಮೂರು ಅಂಕ ಕಡಿಮೆ ಬಿದ್ದ ವಿದ್ಯಾರ್ಥಿನಿಯಂತೆ ಕೂತಿದ್ದೆ. ಪ್ರಮಾಣಪತ್ರ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ವಿಕಲಚೇತನರ ಹಕ್ಕುಗಳ ಕಾನೂನಿನ 59ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ನನ್ನದರಲ್ಲಿ ತಪ್ಪೇ ಇಲ್ಲದ್ದರಿಂದ ಹೋಗಲಿಲ್ಲ.

ಎಚ್‌ಆರ್‌ಗೆ ಪ್ರತಿ ಕೊಟ್ಟಾಗ ಹೆದರಿದ್ದೇ ಆಯಿತು. ‘40 ಇಲ್ಲವಲ್ಲ ಮೇಡಂ, ನಮ್ಮ ಕೈಯಲ್ಲಿ ಏನಿದೆ?’ ಎಂದರು. ಆಗಲೇ ಹೆಸರಿನ ಇನಿಷಿಯಲ್ ತಕರಾರೂ ಎದ್ದದ್ದು. ಆ ರಾತ್ರಿ ಕೂತು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ಅನ್ನು ಮೊದಲ ಸಲ ಓದಿದೆ. ಒಣ ಭಾಷೆ, ಆದರೆ ಕತೆ ಪುಸ್ತಕದಂತೆ ಬಿಡದೆ ಓದಿದೆ. ಅದರಲ್ಲಿ ಎರಡು ಬೇರೆ ವ್ಯಾಖ್ಯೆಗಳಿವೆ, ಎಲ್ಲರೂ ಎಡವುವುದು ಇಲ್ಲಿಯೇ. 2(ಆರ್) ಹೇಳುವುದು 40 ಮತ್ತು ಮೇಲ್ಪಟ್ಟವರ ಬಗ್ಗೆ. 2(ಎಸ್) ಹೇಳುವುದು ಬರೀ ‘ವಿಕಲಚೇತನ ವ್ಯಕ್ತಿ’ಯ ಬಗ್ಗೆ: ದೀರ್ಘಕಾಲದ ನ್ಯೂನತೆಯಿದ್ದು, ಎದುರಾಗುವ ಅಡೆತಡೆಗಳ ಜೊತೆ ಸೇರಿ ಅದು ಇತರರಿಗೆ ಸಮಾನವಾಗಿ ಭಾಗವಹಿಸುವುದನ್ನು ತಡೆಯುತ್ತಿದ್ದರೆ ಆಯಿತು. ಅಲ್ಲಿ ಯಾವ ಅಂಕಿಯೂ ಇಲ್ಲ. ತಾರತಮ್ಯ ಮಾಡಬಾರದು ಎನ್ನುವ 3ನೇ ಸೆಕ್ಷನ್ ರಕ್ಷಿಸುವುದು ಈ ಎರಡನೆಯವರನ್ನು. ‘ಸಮಂಜಸ ಹೊಂದಾಣಿಕೆ’ಯನ್ನು, ಅಂದರೆ ಇತರರಿಗೆ ಸಮಾನವಾಗಿ ಭಾಗವಹಿಸಲು ಬೇಕಾದ ತಕ್ಕ ಬದಲಾವಣೆಗಳನ್ನು, ನಿರಾಕರಿಸುವುದೂ ತಾರತಮ್ಯವೇ ಎಂದು 2(ಎಚ್) ಬಿಡಿಸಿ ಹೇಳುತ್ತದೆ. ಸಾಲದ್ದಕ್ಕೆ 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ವಿಕಾಸ್ ಕುಮಾರ್ ಪ್ರಕರಣದ ತೀರ್ಪು ಇದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಬರೆದುಕೊಡುವವರನ್ನು ನಿರಾಕರಿಸಿದ್ದರು. ಹೊಂದಾಣಿಕೆಯನ್ನು 40ರ ಗೆರೆ ದಾಟಿದವರಿಗೆ ಮಾತ್ರ ಎಂದು ಸೀಮಿತಗೊಳಿಸಲಾಗದು ಎಂದು ಕೋರ್ಟ್ ಹೇಳಿತು. ಓದಿ ಮುಗಿಸಿದಾಗ ರಾತ್ರಿ ಎರಡು ಗಂಟೆ. ಗಂಡನನ್ನು ಎಬ್ಬಿಸಿ ಹೇಳಿದೆ. ಅವರು ಏನೋ ಅಂದರು, ಕೇಳಿಸಲಿಲ್ಲ, ಬಹುಶಃ ಮಲಗು ಎಂದಿರಬೇಕು.

ಮರುದಿನ ಎಚ್‌ಆರ್‌ಗೆ ಒಂದು ಪುಟದ ಪತ್ರ ಬರೆದೆ. ಎರಡು ಸಲ ಬರೆದು ಹರಿದ ಪತ್ರ ಅದು. ಮೊದಲನೆಯದರಲ್ಲಿ ಬರೀ ಸಂಕಟವಿತ್ತು, ಎರಡನೆಯದರಲ್ಲಿ ಬರೀ ಸೆಕ್ಷನ್‌ಗಳಿದ್ದವು. ಮೂರನೆಯದರಲ್ಲಿ ನನ್ನ ಕೆಲಸದಲ್ಲಿ ಎಲ್ಲಿ ತೊಡಕಾಗುತ್ತದೆ, ಅದಕ್ಕೆ ಏನು ಮಾಡಿದರೆ ಸಾಕು ಎಂದು ಒಂದೊಂದಾಗಿ ಬರೆದೆ. ಬಾಯಿಮಾತಿನಲ್ಲಿ ಕೊಟ್ಟ ಸೂಚನೆಯನ್ನು ಒಂದು ಸಾಲಿನ ಮೇಲ್‌ನಲ್ಲಿ ಖಚಿತಪಡಿಸಬೇಕು. ಆನ್‌ಲೈನ್ ಸಭೆಗಳಲ್ಲಿ ಮಾತು ಅಕ್ಷರವಾಗಿ ಕಾಣುವ ಸೌಲಭ್ಯ ಚಾಲೂ ಇರಬೇಕು. ಪ್ರಿಂಟರಿನ ಪಕ್ಕದಿಂದ ನನ್ನ ಮೇಜನ್ನು ಗೋಡೆಯ ಬದಿಗೆ ಸರಿಸಬೇಕು. ಒಬ್ಬರಾದ ಮೇಲೆ ಒಬ್ಬರು ಮಾತಾಡಬೇಕು. ಎಡಕಿವಿಯ ಶ್ರವಣ ಸಾಧನಕ್ಕೆ ಜೋಡಿಸಿಕೊಳ್ಳಬಹುದಾದ, ಮೇಜಿನ ನಡುವೆ ಇಡುವ ಮೈಕ್ ಒಂದು ಬೇಕು. ಸಾಧನವನ್ನು ಅಷ್ಟರಲ್ಲಿ ನಾನೇ ₹32,000 ಕೊಟ್ಟು ಕೊಂಡಿದ್ದೆ. ಸಮಂಜಸ ಹೊಂದಾಣಿಕೆಗೆ ಇಂಗ್ಲಿಷಿನಲ್ಲಿರುವ ‘ರೀಸನೆಬಲ್ ಅಕಾಮಡೇಷನ್’ ಎಂಬ ಪದವನ್ನು ಬೇಕೆಂದೇ ಹಾಗೆಯೇ ಬಳಸಿದೆ. ಆ ಪದವಿಲ್ಲದಿದ್ದರೆ ಪತ್ರವನ್ನು ಕೋರಿಕೆ ಎಂದು ಓದುತ್ತಾರೆ, ಇದ್ದರೆ ಕಾನೂನು ಸಲಹೆಗಾರರಿಗೆ ಕಳಿಸುತ್ತಾರೆ. ಇದರಿಂದ ಎಲ್ಲರಿಗೂ ಅನುಕೂಲ, ಕಂಪನಿಗೂ ಲಾಭ ಎಂದು ಸೇರಿಸು ಎಂದು ಗೆಳತಿಯೊಬ್ಬಳು ಹೇಳಿದಳು. ಸೇರಿಸಲಿಲ್ಲ. ನಾನು ಕೂತ ಸಭೆಯ ಮಾತು ನನಗೆ ಕೇಳಿಸಬೇಕು ಎನ್ನುವುದಕ್ಕೆ ಇತರರ ಲಾಭದ ಸಾಕ್ಷಿ ಏಕೆ ಬೇಕು?

ಪತ್ರದ ಕೊನೆಯಲ್ಲಿ ಒಂದು ಪ್ರಶ್ನೆ ಇಟ್ಟಿದ್ದೆ: 21ನೇ ಸೆಕ್ಷನ್ ಪ್ರಕಾರ ಕಂಪನಿ ಪ್ರಕಟಿಸಬೇಕಾದ ಸಮಾನ ಅವಕಾಶ ನೀತಿಯ ಪ್ರತಿ ಕೊಡಿ. ಈ ಕರ್ತವ್ಯ ಸರ್ಕಾರಿ ಕಚೇರಿಗಳಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಖಾಸಗಿ ಸಂಸ್ಥೆಗಳಿಗೂ ಇದೆ. ಇಪ್ಪತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿದ್ದರೆ ಸಾಧನ ಸಲಕರಣೆ, ಅಡೆತಡೆಯಿಲ್ಲದ ಓಡಾಟ, ನೇಮಕಾತಿಯ ರೀತಿ, ಸಂಪರ್ಕಾಧಿಕಾರಿ ಎಲ್ಲದರ ವಿವರವೂ ಆ ನೀತಿಯಲ್ಲಿರಬೇಕು, ಅದರ ಪ್ರತಿ ವಿಕಲಚೇತನರ ಆಯುಕ್ತರಲ್ಲಿ ನೋಂದಣಿಯಾಗಬೇಕು. ನಮ್ಮಲ್ಲಿ ಇನ್ನೂರಕ್ಕೂ ಹೆಚ್ಚು ಜನರಿದ್ದೇವೆ. ‘ಯಾವ ನೀತಿ ಮೇಡಂ?’ ಎಂದು ಎಚ್‌ಆರ್‌ನಾಕೆ ಕೇಳಿದರು, ಹಾಗೆ ಕೇಳುವಾಗ ಪಾಪ ತಿರುಗಿ ಆ ಪೋಸ್ಟರಿನ ಕಡೆಗೇ ನೋಡಿದರು.

ಮೂರು ವಾರ ‘ಪರಿಶೀಲನೆಯಲ್ಲಿದೆ’. ಕೇಳಿದಾಗಲೆಲ್ಲ ಅದೇ ಮಾತು. ಆ ದಿನಗಳಲ್ಲಿ ಸಹೋದ್ಯೋಗಿಗಳ ದೃಷ್ಟಿಯೂ ಸ್ವಲ್ಪ ಬದಲಾಯಿತು. ಮೊದಲು ಅಯ್ಯೋ ಪಾಪ ಎಂದವರೇ ಈಗ ‘ಇವರು ಕಾನೂನು ಮಾತಾಡುತ್ತಾರೆ’ ಎಂದು ಸರಿದು ನಡೆಯತೊಡಗಿದರು. ಪಾಪ ಎನಿಸಿಕೊಳ್ಳುವುದಕ್ಕಿಂತ ಇದು ವಾಸಿ ಎಂದು ನನಗೆ ನಾನೇ ಹೇಳಿಕೊಂಡರೂ, ಊಟದ ಮೇಜಿನಲ್ಲಿ ಒಬ್ಬಳೇ ಕೂತ ಆ ಎರಡು ವಾರ ಕಷ್ಟವಾಗಿತ್ತು.

ನಾಲ್ಕನೇ ವಾರ ಎಚ್‌ಆರ್ ಬಿಟ್ಟು ನೇರ ಸಂಸ್ಥೆಯ ಮುಖ್ಯಸ್ಥರಿಗೆ ಬರೆದೆ. ಅದೇ ಕಾನೂನಿನ ಅಡಿಯಲ್ಲಿ ಬಂದ 2017ರ ನಿಯಮಗಳಲ್ಲಿ 3ನೇ ನಿಯಮ ಇದಕ್ಕೆಂದೇ ಇದೆ. ಇಂಥ ದೂರು ಬಂದರೆ ಮುಖ್ಯಸ್ಥರು ಒಂದೋ ಕ್ರಮ ಕೈಗೊಳ್ಳಬೇಕು, ಇಲ್ಲವೇ ಏಕೆ ಸಾಧ್ಯವಿಲ್ಲ ಎಂದು ಲಿಖಿತವಾಗಿ ಕಾರಣ ಕೊಡಬೇಕು. ಅದೂ ಆಗದಿದ್ದರೆ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು, ಅವರು ಅದನ್ನು 60 ದಿನಗಳೊಳಗೆ ಇತ್ಯರ್ಥ ಮಾಡಬೇಕು. ಇದನ್ನು ಬೆದರಿಕೆಯ ಧಾಟಿಯಲ್ಲಿ ಬರೆಯಲಿಲ್ಲ, ಕೊನೆಯ ಸಾಲಿನಲ್ಲಿ ಮಾಹಿತಿಯಂತೆ ಬರೆದೆ. ಪತ್ರವನ್ನು ಮೇಲ್‌ನಲ್ಲೂ ಕಳಿಸಿ, ಮುದ್ರಿತ ಪ್ರತಿಗೆ ಸ್ವೀಕೃತಿಯ ಸಹಿ ಮತ್ತು ದಿನಾಂಕ ಹಾಕಿಸಿಕೊಂಡೆ. ಆ ಸಹಿ ಮುಂದೆ ಕೆಲಸಕ್ಕೆ ಬಂದಿತು, ಏಕೆಂದರೆ ಪತ್ರವೇ ಬಂದಿಲ್ಲ ಎಂದು ಒಂದು ಹಂತದಲ್ಲಿ ಹೇಳಿದರು.

ಮುಖ್ಯಸ್ಥರಿಂದ ಉತ್ತರ ಬಂದದ್ದು ನಲವತ್ತಾರನೇ ದಿನ. ಮೇಜು, ಮೇಲ್, ಸಭೆಯ ಅಕ್ಷರ ಎಲ್ಲಕ್ಕೂ ಒಪ್ಪಿಗೆ. ಇವುಗಳಿಗೆ ತಗುಲುವ ಖರ್ಚು ಸೊನ್ನೆ. ಸಭೆಯ ಅಕ್ಷರದ ಸೌಲಭ್ಯ ನಾವು ಬಳಸುವ ತಂತ್ರಾಂಶದಲ್ಲಿ ಮೊದಲಿನಿಂದಲೂ ಇತ್ತು, ಒಂದು ಗುಂಡಿ ಒತ್ತಬೇಕಿತ್ತಷ್ಟೆ. ಮೈಕ್‌ಗೆ ₹24,000 ಎಂದು ಅಂದಾಜು ಬಂದಿತ್ತು, ಅದರಲ್ಲಿ ಅರ್ಧ ನೀವು ಭರಿಸಿ ಎಂದಿದ್ದರು. ಒಂದು ಕ್ಷಣ ಹೂಂ ಎನ್ನಲು ಹೊರಟಿದ್ದೆ. ಅರ್ಧವಾದರೂ ಕೊಟ್ಟರಲ್ಲ ಎಂಬ ಹಳೆಯ ಕೃತಜ್ಞತೆ. ಆದರೆ ಅದೇ 3ನೇ ನಿಯಮದ ಕೊನೆಯ ಸಾಲು, ಸಮಂಜಸ ಹೊಂದಾಣಿಕೆಯ ಖರ್ಚನ್ನು ಪೂರ್ತಿಯಾಗಲಿ ಭಾಗಶಃವಾಗಲಿ ಭರಿಸುವಂತೆ ಯಾವ ಸಂಸ್ಥೆಯೂ ಒತ್ತಾಯಿಸುವಂತಿಲ್ಲ ಎನ್ನುತ್ತದೆ. ಆ ಸಾಲನ್ನು ಮಾತ್ರ ಬರೆದು ಕಳಿಸಿದೆ. ಒಂದು ತಿಂಗಳ ನಂತರ ಮೈಕ್ ಬಂದಿತು, ಪೂರ್ತಿ ಕಂಪನಿಯ ಲೆಕ್ಕದಲ್ಲಿ. ಬಿಲ್ ಪಾಸ್ ಮಾಡಿದವಳು ನಾನೇ.

ಎಲ್ಲವೂ ಸರಿಹೋಯಿತು ಎಂದುಕೊಳ್ಳಬೇಡಿ. ಸಭೆಯ ಅಕ್ಷರಗಳಿಗೆ ನಮ್ಮ ಕಚೇರಿಯ ಮಾತು ತಿಳಿಯುವುದಿಲ್ಲ. ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ನಡೆಯುವ ನಮ್ಮ ಮಾತನ್ನು ಅದು ಇಂಗ್ಲಿಷೆಂದೇ ಕೇಳಿಸಿಕೊಂಡು, ಯಾರೂ ಹೇಳದ ವಾಕ್ಯಗಳನ್ನು ಗಂಭೀರವಾಗಿ ಬರೆಯುತ್ತದೆ. ನನಗಿಂತ ಅದರ ಕಿವಿ ಮಂದ. ಹೀಗಾಗಿ ಸಭೆ ಮುಗಿದ ಮೇಲೆ ಒಬ್ಬರು ತೀರ್ಮಾನಗಳನ್ನು ನಾಲ್ಕು ಸಾಲು ಬರೆದು ಕಳಿಸುವ ಪದ್ಧತಿ ಮಾಡಿಕೊಂಡೆವು. ಒಬ್ಬರಾದ ಮೇಲೆ ಒಬ್ಬರು ಮಾತಾಡುವ ನಿಯಮ ಎರಡು ವಾರ ನಡೆದು ಸಡಿಲವಾಯಿತು. ಈಗ ಇಬ್ಬರು ಒಟ್ಟಿಗೆ ಮಾತಾಡಿದರೆ ನಾನು ಕೈ ಎತ್ತುತ್ತೇನೆ, ಕ್ಯಾಲೆಂಡರ್ ಹಾಳೆ ಎತ್ತಿದ ಹಾಗೆ. ಸಮಾನ ಅವಕಾಶ ನೀತಿ ಸಿದ್ಧವಾಗುತ್ತಿದೆ ಎಂದು ಹೇಳಿದ್ದಾರೆ, ಕರಡು ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಆ ಮೆಮೊ ನನ್ನ ಸೇವಾ ಕಡತದಲ್ಲಿ ಹಾಗೆಯೇ ಇದೆ. ತೆಗೆದುಹಾಕಿ ಎಂದು ಬರೆದ ಪತ್ರಕ್ಕೆ ಸ್ವೀಕೃತಿ ಮಾತ್ರ ಸಿಕ್ಕಿದೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಶುರುವಿನಲ್ಲಿ ಖಾಸಗಿಯಾಗಿ ಮಾಡಿಸಿದ ತಪಾಸಣೆ ಮತ್ತು ಆಡಿಯೋಗ್ರಾಮ್ ₹1,500 (ಪ್ರಮಾಣಪತ್ರಕ್ಕೆ ಆಸ್ಪತ್ರೆಯವರು ತಮ್ಮದನ್ನೇ ಮಾಡುತ್ತಾರೆ, ಇದು ದಂಡ), ಅಫಿಡವಿಟ್ ₹300, ಓಡಾಟ, ಝೆರಾಕ್ಸ್ ಎಲ್ಲ ಸೇರಿ ಸುಮಾರು ₹1,200, ಐದು ದಿನದ ರಜೆ. ಸಾಧನದ ದುಡ್ಡು ಬೇರೆ.

ಯುಡಿಐಡಿ ಚೀಟಿ ಮನೆಗೆ ಅಂಚೆಯಲ್ಲಿ ಬರುತ್ತದೆ. ನನ್ನದು ಬರಲೇ ಇಲ್ಲ. ವಿಚಾರಿಸಿದಾಗ ಅಂಚೆಯಣ್ಣ ಎರಡು ದಿನ ಬಂದು, ಬೆಲ್ ಮಾಡಿ, ಯಾರೂ ಬಾಗಿಲು ತೆಗೆಯಲಿಲ್ಲವೆಂದು ವಾಪಸು ಒಯ್ದಿದ್ದರು. ಆ ಎರಡೂ ದಿನ ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ, ಸಾಧನ ತೆಗೆದಿಟ್ಟು ಅಡುಗೆಮನೆಯಲ್ಲಿ. ಅಂಚೆ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದವರು ಲಕೋಟೆ ಹುಡುಕುತ್ತಾ, ನನಗೆ ಬೆನ್ನು ಮಾಡಿಕೊಂಡೇ ಏನೋ ಹೇಳಿದರು.

‘ನನಗೆ ಬಲಗಡೆ ಕಿವಿ ಕೇಳುವುದಿಲ್ಲ, ಎಡಗಡೆಯೂ ಕಡಿಮೆ. ಈ ಕಡೆ ತಿರುಗಿ ಇನ್ನೊಮ್ಮೆ ಹೇಳಿ’ ಎಂದೆ.

ಅವರು ತಿರುಗಿದರು. ‘ಇಲ್ಲಿ ಸಹಿ ಮಾಡಿ’ ಎಂದರು.